ಹೆಬ್ಬೆರಳು ಹೇಳುವ ಅಳತೆ

ಕುರ್ಚಿಗೆ ಒರಗಿ ಕೂತವರ ಬಲಗೈ ತೊಡೆಯ ಮೇಲೆ ಸಡಿಲವಾಗಿ ಬಿದ್ದಿರುತ್ತದೆ, ಅಂಗೈ ಮೇಲಾಗಿ. ಚಿಕಿತ್ಸೆ ಕೊಡುವವರು ಎಂಟರ ಅಂಕಿಯ ಆಕಾರದಲ್ಲಿ ಸುತ್ತಿದ ತಂತಿಯ ಸುರುಳಿಯನ್ನು ತಲೆಯ ಎಡಭಾಗಕ್ಕೆ ತಾಗಿಸಿ ಹಿಡಿದು ಗುಂಡಿ ಒತ್ತುತ್ತಾರೆ. ‘ಟಕ್’ ಎಂದು ಸದ್ದಾಗುತ್ತದೆ, ಮತ್ತೇನೂ ಆಗುವುದಿಲ್ಲ. ಸುರುಳಿಯನ್ನು ಅರ್ಧ ಸೆಂಟಿಮೀಟರ್ ಸರಿಸಿ, ಹಿಡಿಯನ್ನು ತುಸು ಹೊರಳಿಸಿ ಮತ್ತೆ ಒತ್ತುತ್ತಾರೆ. ಈ ಸಲ ತೋರುಬೆರಳು ಅಲುಗುತ್ತದೆ. ಇನ್ನೊಂದಿಷ್ಟು ಸರಿಸಿದಾಗ ಹೆಬ್ಬೆರಳು ಯಾರ ಅಪ್ಪಣೆಯನ್ನೂ ಕೇಳದೆ ಒಮ್ಮೆ ಜಿಗಿಯುತ್ತದೆ. ಆ ಜಾಗಕ್ಕೆ ಪೆನ್ಸಿಲಿನಿಂದ ಗುರುತು ಬೀಳುತ್ತದೆ.

ಆಮೇಲೆ ಯಂತ್ರದ ಬಲವನ್ನು ಮೆಲ್ಲಗೆ ಇಳಿಸುತ್ತಾ ಹೋಗುತ್ತಾರೆ. 10 ಸಲ ಒತ್ತಿದರೆ 5 ಸಲ ಮಾತ್ರ ಬೆರಳು ಓಗೊಡುವ ಮಟ್ಟಕ್ಕೆ ಬಂದಾಗ ನಿಲ್ಲಿಸುತ್ತಾರೆ. ಈ ಮಟ್ಟಕ್ಕೆ ಮೋಟಾರ್ ಥ್ರೆಶೋಲ್ಡ್ ಎನ್ನುತ್ತಾರೆ. ಯಂತ್ರ ಒಂದೇ ಆದರೂ ಈ ಅಂಕಿ ತಲೆಯಿಂದ ತಲೆಗೆ ಬದಲಾಗುತ್ತದೆ. ತಾಂಡೂರಿನ ಕಲ್ಲುಗಣಿಯಲ್ಲಿ ನುರಿತ ಕೆಲಸಗಾರ ಉಳಿ ಇಡುವ ಮೊದಲು ಬಂಡೆಯನ್ನು ಬಡಿದು, ಪದರು ಎಲ್ಲಿ ಬಿಡುತ್ತದೆ ಎಂದು ಕಿವಿಗೊಡುವ ಹಾಗೆ, ಇಲ್ಲಿ ಮಿದುಳನ್ನು ಮುಟ್ಟುವ ಮೊದಲು ಬೆರಳನ್ನು ಕೇಳುತ್ತಾರೆ.

ಶಸ್ತ್ರಕ್ರಿಯೆಯಿಲ್ಲದೆ, ಅರಿವಳಿಕೆಯಿಲ್ಲದೆ ತಲೆಯ ಹೊರಗಿನಿಂದಲೇ ಮಿದುಳನ್ನು ಪ್ರಚೋದಿಸುವ ಈ ವಿದ್ಯೆಯ ಬಗ್ಗೆ ಪತ್ರಿಕೆಗಳಲ್ಲಿ ಬರುವುದೆಲ್ಲ ಯಂತ್ರದ ಸುದ್ದಿ. ಇದರ ಕಸುಬು ಇರುವುದು ಅಳತೆಯಲ್ಲಿ. ಎಷ್ಟು ಬಲ, ಯಾವ ಜಾಗ, ಎಂಥ ಲಯ ಎಂಬ ಮೂರು ಪ್ರಶ್ನೆಗಳಿಗೆ ಪ್ರತಿ ತಲೆಯೂ ಬೇರೆ ಉತ್ತರ ಕೊಡುತ್ತದೆ. ಮುಪ್ಪು ಸೇರಿದ ತಲೆಯಂತೂ ಹಿಂದಿನ ಲೆಕ್ಕವನ್ನೆಲ್ಲ ಬದಲಿಸಿಬಿಡುತ್ತದೆ.

ಎರಡು ಯಂತ್ರಗಳು

ಬದಲಾಗುವ ಕಾಂತಕ್ಷೇತ್ರ ಪಕ್ಕದ ವಾಹಕದಲ್ಲಿ ವಿದ್ಯುತ್ತನ್ನು ಹುಟ್ಟಿಸುತ್ತದೆ ಎಂದು ಮೈಕೆಲ್ ಫ್ಯಾರಡೆ ತೋರಿಸಿದ್ದು 1831ರಲ್ಲಿ. ನಮ್ಮ ಹಳ್ಳಿಗಳ ಟ್ರಾನ್ಸ್‌ಫಾರ್ಮರು ನಡೆಯುವುದೂ ಇದೇ ತತ್ವದ ಮೇಲೆ. ಅದೇ ತತ್ವದಿಂದ ಮನುಷ್ಯನ ಮಿದುಳನ್ನು ಹೊರಗಿನಿಂದ ತಟ್ಟಿ ಕೈ ಅಲುಗಿಸಿ ತೋರಿಸಿದವರು ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿದ್ದ ಆಂಟನಿ ಬಾರ್ಕರ್ ಮತ್ತು ಸಂಗಡಿಗರು, 1985ರಲ್ಲಿ. ಸುರುಳಿಯಲ್ಲಿ ಒಂದು ಕ್ಷಣದ ಸಣ್ಣ ಭಾಗದಷ್ಟು ಹೊತ್ತು ಭಾರೀ ವಿದ್ಯುತ್ ಹರಿಯುತ್ತದೆ. ಎಂಆರ್‌ಐ ಯಂತ್ರದ ಮಟ್ಟದ ಕಾಂತಕ್ಷೇತ್ರ ಹುಟ್ಟಿ ಅಳಿಯುತ್ತದೆ. ತಲೆಬುರುಡೆ ಕಾಂತಕ್ಷೇತ್ರವನ್ನು ತಡೆಯುವುದಿಲ್ಲ. ಒಳಗಿನ ನರಕೋಶಗಳಲ್ಲಿ ಸಣ್ಣ ವಿದ್ಯುತ್ ಹುಟ್ಟಿ ಅವು ಸಿಡಿಯುತ್ತವೆ. ಇದು ಟ್ರಾನ್ಸ್‌ಕ್ರೇನಿಯಲ್ ಮ್ಯಾಗ್ನೆಟಿಕ್ ಸ್ಟಿಮ್ಯುಲೇಶನ್, ಚಿಕ್ಕದಾಗಿ ಟಿಎಂಎಸ್. ಎಂಟರ ಆಕಾರದ ಸುರುಳಿಯ ಪ್ರಭಾವ ನೆತ್ತಿಯ ಚರ್ಮದಿಂದ ಎರಡು ಮೂರು ಸೆಂಟಿಮೀಟರ್ ಆಳದಾಚೆಗೆ ಹೆಚ್ಚೇನೂ ಉಳಿಯುವುದಿಲ್ಲ. ಈ ಮಿತಿಯನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಇನ್ನೊಂದು ಯಂತ್ರ ಇದಕ್ಕಿಂತ ಬಹಳ ಸರಳ. ಬ್ಯಾಟರಿಯಿಂದ ನಡೆಯುವ ಸಣ್ಣ ಪೆಟ್ಟಿಗೆ, ಎರಡು ವೈರು, ಉಪ್ಪುನೀರಿನಲ್ಲಿ ನೆನೆಸಿದ ಎರಡು ಸ್ಪಂಜು. ತಲೆಯ ಮೇಲೆ ಗೊತ್ತುಮಾಡಿದ ಎರಡು ಜಾಗಗಳ ನಡುವೆ ಒಂದರಿಂದ ಎರಡು ಮಿಲಿಆಂಪಿಯರ್ ವಿದ್ಯುತ್ತನ್ನು 20–30 ನಿಮಿಷ ಹರಿಸುತ್ತಾರೆ. ಇದು ಟಿಡಿಸಿಎಸ್. ಇಷ್ಟು ಮೆತ್ತನೆಯ ವಿದ್ಯುತ್ತಿಗೆ ನರಕೋಶವನ್ನು ಸಿಡಿಸುವ ಶಕ್ತಿಯಿಲ್ಲ. ಅದು ಸಿಡಿಯುವ ಒಲವನ್ನು ಹೆಚ್ಚಿಸಬಲ್ಲದು ಅಥವಾ ತಗ್ಗಿಸಬಲ್ಲದು, ಅಷ್ಟೆ. ಜರ್ಮನಿಯ ಗಟಿಂಗನ್‌ನ ಮೈಕೆಲ್ ನಿಟ್ಶೆ ಮತ್ತು ವಾಲ್ಟರ್ ಪೌಲುಸ್ 2000ದಲ್ಲಿ ಈ ಪರಿಣಾಮವನ್ನು ಕ್ರಮಬದ್ಧವಾಗಿ ಅಳೆದು ತೋರಿಸಿದ ಮೇಲೆ ಇದಕ್ಕೆ ಹೊಸ ಜೀವ ಬಂತು.

‘ಕರೆಂಟ್ ಕೊಡೋದು’ ಎಂದೊಡನೆ ನಮ್ಮ ಕಡೆ ಜನ ಬೆಚ್ಚುತ್ತಾರೆ. ಅವರ ಮನಸ್ಸಿನಲ್ಲಿ ಇರುವುದು ಇಸಿಟಿ. ಅದರಲ್ಲಿ ಅರಿವಳಿಕೆ ಕೊಟ್ಟು ಬೇಕೆಂದೇ ಸೆಳವು ಬರಿಸುತ್ತಾರೆ. ತೀವ್ರ ಖಿನ್ನತೆಗೆ ಇಂದಿಗೂ ಅದಕ್ಕಿಂತ ಬಲವಾದ ಚಿಕಿತ್ಸೆ ಕಡಿಮೆ. ಟಿಎಂಎಸ್, ಟಿಡಿಸಿಎಸ್‌ಗಳಲ್ಲಿ ಸೆಳವು ಬರಿಸುವುದಿಲ್ಲ, ಅದು ಬರಬಾರದೆಂದೇ ಎಚ್ಚರ ವಹಿಸುತ್ತಾರೆ. ರೋಗಿ ಎಚ್ಚರವಾಗಿ ಕೂತಿದ್ದು, ಮುಗಿದ ಮೇಲೆ ಎದ್ದು ಮನೆಗೆ ನಡೆದು ಹೋಗುತ್ತಾರೆ.

ಎಷ್ಟು ಬಲ

ಬೆರಳು ಹೇಳಿದ ಅಂಕಿಯೇ ಟಿಎಂಎಸ್‌ನಲ್ಲಿ ಅಳತೆಯ ಮೊದಲ ಕೋಲು. ಖಿನ್ನತೆಗೆ ಚಿಕಿತ್ಸೆ ಕೊಡುವಾಗ ಸಾಮಾನ್ಯವಾಗಿ ಅದರ ಶೇ. 120ರಷ್ಟು ಬಲ ಇಡುತ್ತಾರೆ. ಈ ಅಂಕಿ ಕಲ್ಲಿನ ಮೇಲೆ ಬರೆದದ್ದಲ್ಲ. ಕಾರ್ಬಮಜೆಪಿನ್, ಲ್ಯಾಮೊಟ್ರಿಜಿನ್‌ನಂಥ ಅಪಸ್ಮಾರದ ಮಾತ್ರೆಗಳು ಅದನ್ನು ಏರಿಸುತ್ತವೆ. ನಿದ್ದೆಗೆಟ್ಟ ರಾತ್ರಿಯ ಮರುದಿನ ಸೆಳವಿನ ಅಪಾಯ ಹೆಚ್ಚು. ಆದ್ದರಿಂದ ಒಳ್ಳೆಯ ಚಿಕಿತ್ಸಕರು ಸುರುಳಿ ಕೈಗೆತ್ತಿಕೊಳ್ಳುವ ಮೊದಲು ಕೇಳುವ ಪ್ರಶ್ನೆಗಳು ಮಾಮೂಲಿಯಂತೆ ಕಂಡರೂ ಮಾಮೂಲಿಯಲ್ಲ: ರಾತ್ರಿ ನಿದ್ದೆ ಬಂತೆ, ಮಾತ್ರೆ ಬದಲಾಯಿತೆ, ಕುಡಿತ ಉಂಟೆ, ನಿಲ್ಲಿಸಿದ್ದೀರೆ?

ಮುಪ್ಪಿನ ತೊಡಕು ಬರುವುದು ಇಲ್ಲಿ. ವಯಸ್ಸಾದಂತೆ ಮಿದುಳು ಸ್ವಲ್ಪ ಕುಗ್ಗುತ್ತದೆ. ಕುಗ್ಗಿದ ಜಾಗವನ್ನು ಮಿದುಳುಬಳ್ಳಿಯ ದ್ರವ ತುಂಬಿಕೊಳ್ಳುತ್ತದೆ. ಕುಗ್ಗುವಿಕೆ ಎಲ್ಲ ಕಡೆ ಸಮವಲ್ಲ, ಬೆರಳನ್ನು ಆಳುವ ಪಟ್ಟಿಗಿಂತ ಹಣೆಯ ಹಿಂದಿನ ಭಾಗ ಹೆಚ್ಚು ಸವೆಯುತ್ತದೆ. ಅಳತೆ ತೆಗೆದದ್ದು ಬೆರಳಿನ ಜಾಗದಲ್ಲಿ, ಚಿಕಿತ್ಸೆ ಕೊಡುವುದು ಹಣೆಯ ಹಿಂದೆ. ಮೊದಲನೆಯದಕ್ಕೆ ಸುರುಳಿಯಿಂದ ಇರುವ ದೂರಕ್ಕಿಂತ ಎರಡನೆಯದಕ್ಕೆ ದೂರ ಜಾಸ್ತಿಯಾಗಿಬಿಟ್ಟರೆ, ಬೆರಳು ಹೇಳಿದ ಬಲ ಅಲ್ಲಿಗೆ ತಲುಪುವ ಹೊತ್ತಿಗೆ ಸೊರಗಿರುತ್ತದೆ. ಟಿಎಂಎಸ್ ವೃದ್ಧರಲ್ಲಿ ಅಷ್ಟಾಗಿ ಕೆಲಸ ಮಾಡುವುದಿಲ್ಲ ಎಂದು ಮೊದಮೊದಲು ಬಂದ ವರದಿಗಳ ಹಿಂದೆ ಈ ಕಾರಣವೂ ಇದ್ದಿರಬಹುದು. ಔಷಧವೇ ಸರಿಯಿಲ್ಲ ಎನ್ನುವ ಮೊದಲು, ಬೇಕಾದಷ್ಟು ಕೊಟ್ಟೆವೇ ಎಂದು ಕೇಳಬೇಕಿತ್ತು.

ಕೆಲವರು ಕೇಳಿದರು. ಅಮೆರಿಕದ ದಕ್ಷಿಣ ಕೆರೊಲಿನಾದಲ್ಲಿ ಝಿಯಾದ್ ನಹಾಸ್ ಮತ್ತು ತಂಡ ಖಿನ್ನತೆಯ ಹಿರಿಯರ ಎಂಆರ್‌ಐ ತೆಗೆದು, ಎರಡೂ ಜಾಗಗಳಲ್ಲಿ ನೆತ್ತಿಯಿಂದ ಮಿದುಳಿನ ದೂರ ಅಳೆದು, ವ್ಯತ್ಯಾಸಕ್ಕೆ ತಕ್ಕಂತೆ ಬಲ ಏರಿಸಿದ್ದನ್ನು 2004ರಲ್ಲಿ ವರದಿ ಮಾಡಿತು. ಮರುವರ್ಷ ಆಸ್ಟ್ರೇಲಿಯಾದ ಸಂಶೋಧಕರು ಲೆಕ್ಕವನ್ನು ಇನ್ನೂ ಸಲೀಸು ಮಾಡಿದರು: ದೂರ ಒಂದು ಮಿಲಿಮೀಟರ್ ಹೆಚ್ಚಿದರೆ ಯಂತ್ರದ ಪೂರ್ಣ ಬಲದ ಸುಮಾರು ಶೇ. 3ರಷ್ಟು ಹೆಚ್ಚು ಬೇಕು. ಟಿಡಿಸಿಎಸ್‌ನಲ್ಲೂ ಮುಪ್ಪು ಇಂಥದೇ ಆಟ ಆಡುತ್ತದೆ. ಮಿದುಳಿಗಿಂತ ಅದರ ಸುತ್ತಲಿನ ದ್ರವ ವಿದ್ಯುತ್ತಿಗೆ ಸುಲಭದ ದಾರಿ. ದ್ರವ ಹೆಚ್ಚಿದಷ್ಟೂ ಕರೆಂಟು ಮಿದುಳನ್ನು ಬಿಟ್ಟು ಪಕ್ಕದಿಂದ ಹರಿದುಹೋಗುತ್ತದೆ. ಆದ್ದರಿಂದ ಒಂದೊಂದು ತಲೆಯ ಎಂಆರ್‌ಐಯನ್ನು ಕಂಪ್ಯೂಟರಿಗೆ ಕೊಟ್ಟು, ಚರ್ಮ, ಮೂಳೆ, ದ್ರವ, ಮಿದುಳು ಎಂದು ಪದರು ಬಿಡಿಸಿ, ಕರೆಂಟು ಎಲ್ಲಿ ಎಷ್ಟು ಸೇರುತ್ತದೆ ಎಂದು ಮೊದಲೇ ಲೆಕ್ಕ ಹಾಕುವ ತಂತ್ರಾಂಶಗಳು ಬಂದಿವೆ.

ಲೆಕ್ಕ ಹಾಕಲು ನಮ್ಮವರ ತಲೆಯ ಚಿತ್ರಗಳೂ ಬೇಕು. ಹೈದರಾಬಾದಿನ ಟ್ರಿಪಲ್ ಐಟಿಯಲ್ಲಿ ಜಯಂತಿ ಶಿವಸ್ವಾಮಿಯವರ ತಂಡ 2019ರಲ್ಲಿ 100 ಭಾರತೀಯರ ಎಂಆರ್‌ಐಗಳಿಂದ ಒಂದು ಮಿದುಳಿನ ಅಟ್ಲಾಸ್ ರೂಪಿಸಿತು. ಎತ್ತರ, ಅಗಲ, ಗಾತ್ರಗಳಲ್ಲಿ ನಮ್ಮ ಮಿದುಳು ಪಾಶ್ಚಾತ್ಯರ ಸರಾಸರಿಗಿಂತ ಚಿಕ್ಕದೆಂದು ಅದು ತೋರಿಸಿತು. ಆ 100 ಮಂದಿ ಯುವಕ ಯುವತಿಯರು. ಹಿರಿಯರ ವಿಷಯಕ್ಕೆ ಬಂದರೆ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಕಡೆ ನೋಡಬೇಕು. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಸೆಂಟರ್ ಫಾರ್ ಬ್ರೈನ್ ರಿಸರ್ಚ್ ಅಲ್ಲಿನ ಹಳ್ಳಿಗಳ 45 ದಾಟಿದ ಸಾವಿರಾರು ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿ, ರಕ್ತ, ನೆನಪು, ಎಂಆರ್‌ಐ ಎಲ್ಲವನ್ನೂ ಅಳೆಯುತ್ತಿದೆ. ನಮ್ಮ ಹಳ್ಳಿಯ ಮಿದುಳು ಹೇಗೆ ಮುಪ್ಪಾಗುತ್ತದೆ ಎಂಬುದಕ್ಕೆ ಅಳತೆಗೋಲು ಸಿಗುವುದು ಇಂಥ ತಾಳ್ಮೆಯ ಕೆಲಸದಿಂದ.

ಯಾವ ಜಾಗ

ಖಿನ್ನತೆಗೆ ಗುರಿ ಹಣೆಯ ಎಡಭಾಗದ ಹಿಂದೆ, ಸ್ವಲ್ಪ ಮೇಲೆ ಇರುವ ಡಾರ್ಸೊಲ್ಯಾಟರಲ್ ಪ್ರಿಫ್ರಂಟಲ್ ಪ್ರದೇಶ. ಅಲ್ಲಿ ಪ್ರಚೋದಿಸಿದರೆ ಬೆರಳು ಅಲುಗುವುದಿಲ್ಲ, ಯಾವ ಅಂಗವೂ ಉತ್ತರ ಕೊಡುವುದಿಲ್ಲ. ಹಾಗಾದರೆ ಹುಡುಕುವುದು ಹೇಗೆ? 1990ರ ದಶಕದವರು ಹೆಬ್ಬೆರಳಿನ ಜಾಗದಿಂದ 5 ಸೆಂಟಿಮೀಟರ್ ಮುಂದೆ ಎಂದು ಒಂದು ನಿಯಮ ಮಾಡಿಕೊಂಡರು. ಚಿಕ್ಕ ತಲೆಗೂ ದೊಡ್ಡ ತಲೆಗೂ ಅದೇ 5. ಜರ್ಮನಿಯ ಸಂಶೋಧಕರು 2001ರಲ್ಲಿ 22 ಜನರ ಮೇಲೆ ಈ ನಿಯಮವನ್ನು ಪರೀಕ್ಷಿಸಿದಾಗ 7 ಜನರಲ್ಲಿ ಮಾತ್ರ ಸುರುಳಿ ಬೇಕಾದ ಜಾಗದ ಮೇಲಿತ್ತು. ಉಳಿದವರಲ್ಲಿ ಅದು ಹಿಂದೆಯೇ ಉಳಿದಿತ್ತು.

ಇದಕ್ಕೆ ಸಿಕ್ಕ ಒಂದು ಪರಿಹಾರ ಬಟ್ಟೆಯ ಟೇಪು! 1958ರಲ್ಲಿ ಹರ್ಬರ್ಟ್ ಜಾಸ್ಪರ್ ಮಿದುಳಿನ ವಿದ್ಯುತ್ ಅಲೆಗಳನ್ನು ಅಳೆಯುವ ಇಇಜಿಗಾಗಿ ರೂಪಿಸಿದ 10–20 ಪದ್ಧತಿಯಲ್ಲಿ ತಲೆಯನ್ನು ಸೆಂಟಿಮೀಟರುಗಳಿಂದ ಅಳೆಯುವುದಿಲ್ಲ, ಪಾಲುಗಳಿಂದ ಅಳೆಯುತ್ತಾರೆ. ಮೂಗಿನ ಬುಡದಿಂದ ಹಿಂದಲೆಯ ಉಬ್ಬಿನವರೆಗೆ ಒಂದು ಗೆರೆ, ಕಿವಿಯಿಂದ ಕಿವಿಗೆ ನೆತ್ತಿಯ ಮೇಲಿಂದ ಇನ್ನೊಂದು ಗೆರೆ. ಇವನ್ನು ಶೇ. 10, ಶೇ. 20ರ ತುಂಡುಗಳಾಗಿ ಭಾಗಿಸಿದರೆ ಬಿಂದುಗಳ ಜಾಲ ಸಿಗುತ್ತದೆ. ತಲೆ ದೊಡ್ಡದಾದರೆ ಜಾಲವೂ ಹಿಗ್ಗುತ್ತದೆ, ಚಿಕ್ಕದಾದರೆ ಕುಗ್ಗುತ್ತದೆ. ನಮಗೆ ಬೇಕಾದ ಜಾಗ ಈ ಜಾಲದ ಎಫ್3 ಎಂಬ ಬಿಂದುವಿನ ಅಡಿಯಲ್ಲಿದೆ. ಪೂರ್ತಿ ಜಾಲ ಬಿಡಿಸುತ್ತ ಕೂರಲು ಹೊತ್ತು ಬೇಕೆಂದು 2009ರಲ್ಲಿ ವಿಲಿಯಂ ಬೀಮ್ ಮತ್ತು ಜೊತೆಯವರು ಒಂದು ಅಡ್ಡದಾರಿ ಕಂಡುಕೊಂಡರು. ಆ ಎರಡು ಗೆರೆಗಳು ಮತ್ತು ತಲೆಯ ಸುತ್ತಳತೆ, ಹೀಗೆ ಮೂರು ಅಳತೆ ತೆಗೆದು ಕಂಪ್ಯೂಟರಿಗೆ ಕೊಟ್ಟರೆ, ಹಣೆಯ ನಡುವಿನಿಂದ ಎಡಕ್ಕೆ ಎಷ್ಟು, ನೆತ್ತಿಯಿಂದ ಕೆಳಕ್ಕೆ ಎಷ್ಟು ಎಂದು ಎರಡು ಅಂಕಿ ಬರುತ್ತವೆ.

ಕೇಳಲು ಸುಲಭ, ಕೈಗೆ ಕಷ್ಟ. ಹಿಂದಲೆಯ ಉಬ್ಬು ಎಲ್ಲರಲ್ಲೂ ಎದ್ದು ಕಾಣುವುದಿಲ್ಲ, ಬೆರಳಿನಿಂದ ತಡವಿ ಹುಡುಕಬೇಕು. ತುರುಬು ಬಿಚ್ಚಿಸಬೇಕು. ಟೇಪು ಕೂದಲಿನ ಮೇಲೆ ತೇಲದಂತೆ ಚರ್ಮಕ್ಕೆ ಕೂರಿಸಬೇಕು. ಟಿಡಿಸಿಎಸ್ ಆದರೆ ಎಣ್ಣೆ ಹಚ್ಚಿದ ತಲೆ ಕರೆಂಟಿಗೆ ಅಡ್ಡ. ಕೂದಲನ್ನು ಬೈತಲೆಯಂತೆ ಸೀಳಿ ಚರ್ಮ ಕಾಣಿಸಿ ಒರೆಸಿಕೊಳ್ಳಬೇಕು, ಸ್ಪಂಜಿನಿಂದ ಉಪ್ಪುನೀರು ಕೆಳಗೆ ಸೋರದಂತೆ ಹಿಂಡಿರಬೇಕು. ಸೋರಿದರೆ ಕರೆಂಟು ನೀರಿನ ಜೊತೆಗೇ ಹೋಗುತ್ತದೆ. ನಾಳೆ ಬೇರೆಯವರು ಅಳೆದರೂ ಅದೇ ಬಿಂದು ಸಿಗಬೇಕು. ಒಬ್ಬರ ತಲೆಯ ಮೇಲೆ ಇಪ್ಪತ್ತು ಮೂವತ್ತು ದಿನ ಅದೇ ನಿಖರತೆಯನ್ನು ಬೇಸರವಿಲ್ಲದೆ ಕಾಪಾಡುವುದು ಯಾವ ಯಂತ್ರದ ಪ್ರಚಾರ ಪತ್ರದಲ್ಲೂ ಕಾಣದ ಕೌಶಲ.

ಇನ್ನೂ ಸೂಕ್ಷ್ಮವಾದ ದಾರಿ ಎಂಆರ್‌ಐಯದು. ರೋಗಿಯ ಮಿದುಳಿನ ಚಿತ್ರ ಪರದೆಯ ಮೇಲೆ, ಹಣೆಗೂ ಸುರುಳಿಗೂ ಅಂಟಿಸಿದ ಗುರುತುಗಳನ್ನು ಹಿಂಬಾಲಿಸುವ ಕ್ಯಾಮೆರಾ ಎದುರಿಗೆ. ಸುರುಳಿ ಈಗ ಮಿದುಳಿನ ಯಾವ ಮಡಿಕೆಯ ಮೇಲಿದೆ ಎಂದು ಮಿಲಿಮೀಟರ್ ಲೆಕ್ಕದಲ್ಲಿ ಕಾಣುತ್ತದೆ. ಇದಕ್ಕೆ ನ್ಯೂರೋನ್ಯಾವಿಗೇಶನ್ ಎನ್ನುತ್ತಾರೆ. 2012ರಲ್ಲಿ ಬಾಸ್ಟನ್‌ನ ಮೈಕೆಲ್ ಫಾಕ್ಸ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ಖಿನ್ನತೆಯಲ್ಲಿ ಎಡವಟ್ಟಾಗಿರುವ ಒಂದು ತಾಣ ಮಿದುಳಿನ ಆಳದಲ್ಲಿದೆ, ಸುರುಳಿಯ ಕೈ ಅಲ್ಲಿಗೆ ಮುಟ್ಟದು. ಆದರೆ ಮೇಲ್ಪದರಿನ ಕೆಲವು ಬಿಂದುಗಳ ಚಟುವಟಿಕೆ ಏರಿದಾಗ ಆ ಆಳದ ತಾಣದ ಚಟುವಟಿಕೆ ಇಳಿಯುತ್ತದೆ. ಈ ವಿರುದ್ಧ ನಂಟು ಹೆಚ್ಚಿದ್ದ ಬಿಂದುಗಳಲ್ಲಿ ಟಿಎಂಎಸ್ ಹೆಚ್ಚು ಫಲ ಕೊಟ್ಟಿತ್ತು ಎಂದು ಅವರು ಗುರುತಿಸಿದರು. ಸ್ಟ್ಯಾನ್‌ಫರ್ಡ್‌ನ ನೋಲನ್ ವಿಲಿಯಮ್ಸ್ ತಂಡ ಈ ನಂಟನ್ನು ಪ್ರತಿಯೊಬ್ಬರಲ್ಲೂ ಬೇರೆಬೇರೆಯಾಗಿ ಹುಡುಕಿ, ದಿನಕ್ಕೆ 10 ಸಲದಂತೆ 5 ದಿನ ಚಿಕಿತ್ಸೆ ಕೊಟ್ಟಿತು. 2022ರಲ್ಲಿ ಪ್ರಕಟವಾದ, 29 ಜನರ ಚಿಕ್ಕ ಪ್ರಯೋಗದಲ್ಲಿ ನಿಜ ಚಿಕಿತ್ಸೆ ಪಡೆದವರಲ್ಲಿ ಶೇ. 79ರಷ್ಟು ಜನ ನಾಲ್ಕು ವಾರಗಳೊಳಗೆ ಖಿನ್ನತೆಯಿಂದ ಹೊರಬಂದರು. ಸೋಗಿನ ಚಿಕಿತ್ಸೆ ಪಡೆದವರಲ್ಲಿ ಹೊರಬಂದದ್ದು ಶೇ. 13.

ಈ ಅಂಕಿ ನೋಡಿ ಎಂಆರ್‌ಐ ಇಲ್ಲದೆ ಟಿಎಂಎಸ್ ಇಲ್ಲ ಎಂದು ತೀರ್ಮಾನಿಸುವುದು ಅವಸರ. ಆ ಪ್ರಯೋಗದಲ್ಲಿ ಹೋಲಿಕೆ ಇದ್ದದ್ದು ಸೋಗಿನ ಚಿಕಿತ್ಸೆಯ ಜೊತೆ. ವ್ಯಕ್ತಿಗೆ ತಕ್ಕ ಗುರಿಯನ್ನು ಮಾಮೂಲಿ ಗುರಿಯ ಪಕ್ಕದಲ್ಲಿಟ್ಟು ನೋಡಿರಲಿಲ್ಲ. ಅಂಥ ಹೋಲಿಕೆ ಮಾಡಿದ್ದು ಬ್ರಿಟನ್ನಿನ ಬ್ರೈಟ್‌ಮೈಂಡ್ ಪ್ರಯೋಗ, 255 ಜನರ ಮೇಲೆ. 2024ರಲ್ಲಿ ಬಂದ ಅದರ ಫಲಿತಾಂಶ ಉತ್ಸಾಹಿಗಳಿಗೆ ತಣ್ಣೀರು. ಎರಡೂ ಗುಂಪುಗಳು ಚೆನ್ನಾಗಿ ಸುಧಾರಿಸಿದವು. ನರಜಾಲದ ನಂಟು ಹುಡುಕಿ ಗುರಿ ಇಟ್ಟ ಗುಂಪು ಇನ್ನೊಂದಕ್ಕಿಂತ ಮುಂದೆ ಹೋಗಲಿಲ್ಲ. ನನಗೆ ಇದರಲ್ಲಿ ನಿರಾಸೆಗಿಂತ ಸಮಾಧಾನವೇ ಹೆಚ್ಚು. ಕೋಟಿ ರೂಪಾಯಿ ಬಾಳುವ ಎಂಆರ್‌ಐ ಯಂತ್ರ ಎಲ್ಲ ಊರಿಗೂ ಬರಲಾರದು. ಟೇಪು ಹಿಡಿಯಲು ಕಲಿತ ಕೈ ಬರಬಹುದು.

ಎಂಥ ಲಯ

ಮಿಡಿತಗಳನ್ನು ಹೇಗೆ ಪೋಣಿಸುತ್ತಾರೆ ಎಂಬುದೂ ಫಲವನ್ನು ಬದಲಿಸುತ್ತದೆ. ಸೆಕೆಂಡಿಗೆ ಒಂದರಂತೆ ಕೊಟ್ಟರೆ ಆ ಪ್ರದೇಶ ಸಾಮಾನ್ಯವಾಗಿ ಮಂಕಾಗುತ್ತದೆ, 10ರಂತೆ ಕೊಟ್ಟರೆ ಚುರುಕಾಗುತ್ತದೆ. ಅಮೆರಿಕದ ಎಫ್‌ಡಿಎ 2008ರಲ್ಲಿ ಖಿನ್ನತೆಗೆ ಒಪ್ಪಿಗೆ ಕೊಟ್ಟದ್ದು ಈ ಎರಡನೆಯ ಬಗೆಗೆ, ಅದಕ್ಕೆ ದಿನವೂ 37 ನಿಮಿಷ ಹಿಡಿಯುತ್ತಿತ್ತು. 2005ರಲ್ಲಿ ಥೀಟಾ ಬರ್ಸ್ಟ್ ಎಂಬ ಹೊಸ ಲಯ ಬಂತು. ಮೂರು ಮಿಡಿತಗಳ ಪುಟ್ಟ ಗೊಂಚಲು, ಸೆಕೆಂಡಿಗೆ ಐದು ಗೊಂಚಲು, ಎರಡು ಸೆಕೆಂಡು ಕೊಟ್ಟು ಎಂಟು ಸೆಕೆಂಡು ಬಿಡುವು. 600 ಮಿಡಿತ ಮೂರು ನಿಮಿಷ ಚಿಲ್ಲರೆಯಲ್ಲಿ ಮುಗಿಯುತ್ತದೆ. ಕೆನಡಾದಲ್ಲಿ 414 ಜನರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಈ ಮೂರು ನಿಮಿಷ ಆ 37 ನಿಮಿಷಕ್ಕೆ ಸಾಟಿಯಾಯಿತು. 60 ದಾಟಿದವರಿಗಾಗಿಯೇ ಅಲ್ಲಿನ ಸಂಶೋಧಕರು ಮತ್ತೊಂದು ಪ್ರಯೋಗ ಮಾಡಿದರು. ತಲೆಯ ಎರಡೂ ಬದಿಗೆ ಕೊಡುವ ಸುಮಾರು 48 ನಿಮಿಷದ ಚಿಕಿತ್ಸೆಗೆ 4 ನಿಮಿಷದ ಚಿಕಿತ್ಸೆ ಸರಿಸಮ ಎಂದು 2022ರಲ್ಲಿ ತೋರಿಸಿದರು. ಸೊಂಟನೋವಿನ ಅಜ್ಜನಿಗೆ 48 ನಿಮಿಷ ಅಲುಗದೆ ಕೂರುವುದಕ್ಕೂ 4 ನಿಮಿಷ ಕೂರುವುದಕ್ಕೂ ಇರುವ ಅಂತರವನ್ನು ಹೇಳಬೇಕಿಲ್ಲ.

ಮಿದುಳಿನ ಸ್ವಂತ ಲಯಕ್ಕೆ ತಕ್ಕಂತೆ ಹೊರಗಿನ ಲಯವನ್ನು ಹೊಂದಿಸುವ ಪ್ರಯತ್ನಗಳೂ ನಡೆದಿವೆ. ಬಾಸ್ಟನ್ ವಿಶ್ವವಿದ್ಯಾಲಯದ ರಾಬರ್ಟ್ ರೈನ್‌ಹಾರ್ಟ್ 2019ರಲ್ಲಿ 60ರಿಂದ 76 ವಯಸ್ಸಿನ 42 ಜನರನ್ನು ಪರೀಕ್ಷಿಸಿದರು. ಇಇಜಿಯಿಂದ ಒಬ್ಬೊಬ್ಬರ ಥೀಟಾ ಅಲೆಯ ವೇಗ ಅಳೆದು, ಅದೇ ವೇಗದ ಮೆತ್ತನೆಯ ಏರಿಳಿತದ ಕರೆಂಟನ್ನು 25 ನಿಮಿಷ ಕೊಟ್ಟಾಗ ಅವರ ಕ್ಷಣಿಕ ನೆನಪಿನ ಪರೀಕ್ಷೆಯ ಫಲ ಇಪ್ಪತ್ತರ ಹರೆಯದವರ ಮಟ್ಟಕ್ಕೆ ಬಂತು. 2022ರಲ್ಲಿ ಅದೇ ತಂಡ 65ರಿಂದ 88ರ ನಡುವಿನ 150 ಜನರಿಗೆ ನಾಲ್ಕು ದಿನ ದಿನಕ್ಕೆ 20 ನಿಮಿಷ ಏರಿಳಿತದ ಕರೆಂಟು ಕೊಟ್ಟಾಗ ಪಟ್ಟಿ ನೆನಪಿಡುವ ಸಾಮರ್ಥ್ಯದ ಸುಧಾರಣೆ ಒಂದು ತಿಂಗಳು ಉಳಿಯಿತು. ಇವರೆಲ್ಲ ಆರೋಗ್ಯವಂತ ಹಿರಿಯರು, ಡಿಮೆನ್ಶಿಯಾ ರೋಗಿಗಳಲ್ಲ ಎಂಬುದನ್ನು ಮರೆಯಬಾರದು.

ಡಿಮೆನ್ಶಿಯಾಕ್ಕೆ ಸಂಬಂಧಿಸಿದಂತೆ ಗಮನ ಸೆಳೆದ ಕೆಲಸ ರೋಮ್‌ನ ಜಾಕೊಮೊ ಕೊಖ್ ಅವರದು. ಆಲ್ಝೈಮರ್‌ನ 50 ರೋಗಿಗಳಿಗೆ ನೆನಪಿನ ಜಾಲದ ಕೇಂದ್ರಗಳಲ್ಲೊಂದಾದ ಪ್ರಿಕ್ಯೂನಿಯಸ್ ಮೇಲೆ ಮೊದಲ ಎರಡು ವಾರ ದಿನವೂ, ಆಮೇಲೆ ವಾರಕ್ಕೊಮ್ಮೆ, ಒಟ್ಟು 24 ವಾರ ಟಿಎಂಎಸ್ ಕೊಟ್ಟರು. 2022ರಲ್ಲಿ ಬಂದ ಫಲಿತಾಂಶದ ಪ್ರಕಾರ ಸೋಗಿನ ಗುಂಪು ಕುಸಿಯುತ್ತ ಹೋದಾಗ ಚಿಕಿತ್ಸೆಯ ಗುಂಪು ಹೆಚ್ಚುಕಡಿಮೆ ಇದ್ದಲ್ಲೇ ನಿಂತಿತು. ಕಳೆದ ನೆನಪು ಮರಳಿ ಬರಲಿಲ್ಲ, ಜಾರುವ ವೇಗ ತಗ್ಗಿತು. ದೊಡ್ಡ ಪ್ರಯೋಗಗಳಲ್ಲಿ ಇದು ಗಟ್ಟಿಯಾಗುವ ತನಕ ‘ಮರೆವಿಗೆ ಮ್ಯಾಗ್ನೆಟ್ ಮದ್ದು’ ಎಂಬ ಜಾಹೀರಾತು ಕಂಡರೆ ದೂರ ಇರುವುದು ಕ್ಷೇಮ.

ಗಡಿಯ ಮೂರು ಊರು, ನಾಲ್ಕು ನುಡಿ

ಬಲ, ಜಾಗ, ಲಯಗಳಿಗೆಲ್ಲ ಮೊದಲು ಇನ್ನೊಂದು ಅಳತೆ ಇದೆ: ಎದುರಿಗೆ ಕೂತವರಿಗೆ ಆಗಿರುವುದೇನು? ಮುಪ್ಪಿನ ಖಿನ್ನತೆ ಮರೆವಿನ ವೇಷ ಹಾಕಿಕೊಂಡು ಬರುತ್ತದೆ. ಡಿಮೆನ್ಶಿಯಾ ಕೆಲವೊಮ್ಮೆ ಖಿನ್ನತೆಯಂತೆ ಶುರುವಾಗುತ್ತದೆ. ಮನೆಯವರು ಎರಡನ್ನೂ ‘ಅರಳುಮರಳು’ ಎಂದು ಒಂದೇ ಚೀಲಕ್ಕೆ ಹಾಕುತ್ತಾರೆ. ಬೇರ್ಪಡಿಸುವುದು ಮಾತಿನ ಮೂಲಕ, ಅಂದರೆ ನೆನಪಿನ, ಹೆಸರಿಸುವ, ಲೆಕ್ಕದ ಪರೀಕ್ಷೆಗಳ ಮೂಲಕ. ಯಾವ ಭಾಷೆಯಲ್ಲಿ?

ಈ ಪ್ರಶ್ನೆ ಜಹೀರಾಬಾದ್, ನಾರಾಯಣಖೇಡ, ತಾಂಡೂರುಗಳಲ್ಲಿ ಸುಲಭದ್ದಲ್ಲ. 1956ರ ನವೆಂಬರ್ 1ರ ರಾಜ್ಯ ಪುನರ್ವಿಂಗಡಣೆಯ ತನಕ ಮೊದಲೆರಡು ಬೀದರ್ ಜಿಲ್ಲೆಯ ತಾಲ್ಲೂಕುಗಳು, ತಾಂಡೂರು ಗುಲಬರ್ಗಾ ಜಿಲ್ಲೆಯದು. ಇಂದು ಜಹೀರಾಬಾದ್, ನಾರಾಯಣಖೇಡ ತೆಲಂಗಾಣದ ಸಂಗಾರೆಡ್ಡಿ ಜಿಲ್ಲೆಯಲ್ಲಿವೆ, ತಾಂಡೂರು ವಿಕಾರಾಬಾದಿನಲ್ಲಿದೆ. ಈಗ 70 ದಾಟಿದ ಅಲ್ಲಿನವರು ಹುಟ್ಟಿದ್ದು ನಿಜಾಮರ ಹೆಸರಿನ ಹೈದರಾಬಾದ್ ರಾಜ್ಯದಲ್ಲಿ. ನಾರಾಯಣಖೇಡದ ಕನ್ನಡ ಮನೆತನದ ಒಬ್ಬ ಅಜ್ಜಿಯನ್ನು ಊಹಿಸಿಕೊಳ್ಳಿ. ಮನೆಯಲ್ಲಿ ಕನ್ನಡ, ಸೊಸೆಯ ಜೊತೆ ತೆಲುಗು, ಸಂತೆಯಲ್ಲಿ ದಖನಿ, ನೆಂಟರಲ್ಲಿ ಒಂದಿಷ್ಟು ಮರಾಠಿ. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಅವರಿಗೆ ಗಡಿಯಾರದ ಚಿತ್ರ ಬರೆಯಿರಿ ಎಂದರೆ, ‘ಪ’ ಅಕ್ಷರದಿಂದ ಶುರುವಾಗುವ ಪದ ಹೇಳಿ ಎಂದರೆ, ಅಳತೆಯಾಗುವುದು ಅವರ ಮಿದುಳಲ್ಲ, ಅವರಿಗೆ ಸಿಗದೆ ಹೋದ ಶಾಲೆ.

ಈ ಸಂಕಟವನ್ನು ಗಂಭೀರವಾಗಿ ತೆಗೆದುಕೊಂಡವರು ನಮ್ಮಲ್ಲೇ ಇದ್ದಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಲ್ಲಿ ಹಿಂದಿ, ಬಂಗಾಳಿ, ತೆಲುಗು, ಕನ್ನಡ, ಮಲಯಾಳಂ ಈ ಐದು ಭಾಷೆಗಳಲ್ಲಿ ಡಿಮೆನ್ಶಿಯಾ ಪರೀಕ್ಷೆಗಳ ಒಂದು ಪೆಟ್ಟಿಗೆ ಸಿದ್ಧವಾಗಿದೆ. ಅದರಲ್ಲಿ ಮುಂದಾಳುತನ ವಹಿಸಿದ ಡಾ. ಸುವರ್ಣ ಅಲ್ಲಾಡಿ ಮೊದಲು ಹೈದರಾಬಾದಿನ ನಿಮ್ಸ್ ಆಸ್ಪತ್ರೆಯಲ್ಲಿದ್ದವರು, ಆಮೇಲೆ ಬೆಂಗಳೂರಿನ ನಿಮ್ಹಾನ್ಸ್‌ಗೆ ಬಂದರು. ನಿಮ್ಸ್‌ನ 648 ಡಿಮೆನ್ಶಿಯಾ ರೋಗಿಗಳ ದಾಖಲೆ ನೋಡಿ 2013ರಲ್ಲಿ ಅವರ ತಂಡ ಒಂದು ಸಂಗತಿ ಪ್ರಕಟಿಸಿತು. ಎರಡು ಅಥವಾ ಹೆಚ್ಚು ಭಾಷೆ ಆಡುವವರಲ್ಲಿ ರೋಗ ಕಾಣಿಸಿಕೊಂಡದ್ದು ಒಂದೇ ಭಾಷೆಯವರಿಗಿಂತ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ. ಓದು ಬರಹ ಬಾರದವರಲ್ಲೂ ಈ ಅಂತರ ಇತ್ತು. ಆ ನಮ್ಮ ಅಜ್ಜಿಯ ನಾಲ್ಕು ನುಡಿಗಳು ಅವಳ ಮಿದುಳಿನ ಉಳಿತಾಯದ ಗಂಟು ಎಂದು ಹೇಳಲು ಇದರಿಂದ ಧೈರ್ಯ ಬರುತ್ತದೆ. ಅವಳ ಅಳತೆಯಲ್ಲಿ ಆ ಗಂಟನ್ನೂ ಲೆಕ್ಕಕ್ಕೆ ಹಿಡಿಯಬೇಕು. ಸೊಸೆ ಅನುವಾದಿಸುತ್ತ ಕೂತ ತೆಲುಗು ಪರೀಕ್ಷೆಯಲ್ಲಿ ಅವಳು ತಡವರಿಸಿದ್ದನ್ನು ರೋಗವೆಂದು ಬರೆದುಬಿಟ್ಟರೆ, ಆಮೇಲೆ ಸುರುಳಿ ಎಷ್ಟೇ ನಿಖರವಾಗಿ ಕೂತರೂ ಚಿಕಿತ್ಸೆ ತಪ್ಪು ರೋಗಕ್ಕೆ ಹೋಗುತ್ತದೆ.

ಇಂಥ ಪರೀಕ್ಷೆ ಬೇಕಾದವರು ಕಡಿಮೆಯೇನಲ್ಲ. 60 ದಾಟಿದ ಭಾರತೀಯರಲ್ಲಿ ಡಿಮೆನ್ಶಿಯಾ ಇರುವವರು ಶೇ. 7.4, ಅಂದರೆ ಸುಮಾರು 88 ಲಕ್ಷ ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಂದಾಜು. ಪಟ್ಟಣಗಳಿಗಿಂತ ಹಳ್ಳಿಗಳಲ್ಲಿ, ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು.

ನಿಮ್ಹಾನ್ಸ್‌ನ ಸ್ಪಂಜುಗಳು

ಕನ್ನಡ ನಾಡಿನಲ್ಲಿ ಈ ಕಸುಬು ಬೇರೂರಿದ ಜಾಗ ಬೆಂಗಳೂರಿನ ಹೊಸೂರು ರಸ್ತೆಯ ನಿಮ್ಹಾನ್ಸ್. ಹಳೆಯ ಮಾನಸಿಕ ಆಸ್ಪತ್ರೆಯೂ ತರಬೇತಿ ಸಂಸ್ಥೆಯೂ 1974ರಲ್ಲಿ ಕೂಡಿ ಆದ ಸಂಸ್ಥೆ. ಅಲ್ಲಿ ಡಾ. ಗಣೇಶನ್ ವೆಂಕಟಸುಬ್ರಮಣಿಯನ್ ಮತ್ತು ಸಂಗಡಿಗರು ಔಷಧಕ್ಕೆ ಬಗ್ಗದ, ಸ್ಕಿಜೋಫ್ರೇನಿಯಾ ರೋಗಿಗಳ ಕಿವಿಯಲ್ಲಿ ಮೊಳಗುವ ‘ಧ್ವನಿ’ಗಳಿಗೆ ಟಿಡಿಸಿಎಸ್ ಬಳಸಿ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಒಂದು ಸ್ಪಂಜು ಹಣೆಯ ಎಡಭಾಗದ ಮೇಲೆ, ಇನ್ನೊಂದು ಎಡಕಿವಿಯ ಹಿಂದೆ ಮೇಲ್ಗಡೆ. 2 ಮಿಲಿಆಂಪಿಯರ್, 20 ನಿಮಿಷ, ದಿನಕ್ಕೆ ಎರಡು ಸಲ, ಐದು ದಿನ. ವೆಂಕಟಸುಬ್ರಮಣಿಯನ್ ಅವರಿಗೆ 2018ರಲ್ಲಿ ಶಾಂತಿಸ್ವರೂಪ ಭಟ್ನಾಗರ್ ಪ್ರಶಸ್ತಿ ಸಂದಿತು.

ಆ ತಂಡದ ಕೆಲಸದಲ್ಲಿ ನಾನು ಮೆಚ್ಚುವುದು ಗೆದ್ದವರ ಎಣಿಕೆಗಿಂತ ಗೆಲ್ಲದವರ ಬಗೆಗಿನ ಕುತೂಹಲ. ಅದೇ ಸ್ಪಂಜು, ಅದೇ ಕರೆಂಟು, ಆದರೂ ಒಬ್ಬರಿಗೆ ಧ್ವನಿ ತಗ್ಗುತ್ತದೆ, ಪಕ್ಕದವರಿಗೆ ಇಲ್ಲ. ಏಕೆ? ಉತ್ತರ ಹುಡುಕುತ್ತ ಅವರು ಡೋಪಮೈನನ್ನು ಕರಗಿಸುವ ಕಿಣ್ವದ ಜೀನಿನ ರೂಪಭೇದಗಳನ್ನು ನೋಡಿದರು, ಮಿದುಳಿನ ರಚನೆಯ ವ್ಯತ್ಯಾಸಗಳನ್ನು ನೋಡಿದರು. ಸ್ಕಿಜೋಫ್ರೇನಿಯಾ ಮುಪ್ಪಿನ ರೋಗವಲ್ಲ ನಿಜ. ಆದರೆ ಕೆಲಸ ಮಾಡದಿದ್ದಾಗ ಯಂತ್ರವನ್ನೂ ರೋಗಿಯನ್ನೂ ಬಯ್ಯದೆ ಅಳತೆಯ ಕಡೆ ತಿರುಗಿ ನೋಡುವ ಅಭ್ಯಾಸ ಅಲ್ಲಿ ಬೆಳೆದಿದೆ. ಹಿರಿಯರ ಚಿಕಿತ್ಸೆಗೂ ಬೇಕಾದದ್ದು ಅದೇ ಅಭ್ಯಾಸ.

ದೂರವೂ ಒಂದು ಅಳತೆ

ಟಿಎಂಎಸ್ ಎಂದರೆ ವಾರಕ್ಕೆ ಐದು ದಿನದಂತೆ ನಾಲ್ಕರಿಂದ ಆರು ವಾರ. ಜಹೀರಾಬಾದಿನಿಂದ ಹೈದರಾಬಾದಿಗೆ ಹೆದ್ದಾರಿಯಲ್ಲಿ ನೂರು ಕಿಲೋಮೀಟರಿನ ಆಸುಪಾಸು. ದಿನವೂ ಹೋಗಿ ಬರುವುದು ಹಿರಿಯರಿಗೆ ಆಗದ ಮಾತು. ಉಳಿದುಕೊಂಡರೆ ಜೊತೆಗಿರುವ ಮಗನ ಕೂಲಿ ತಪ್ಪುತ್ತದೆ, ಬೆಂಗಳೂರಾದರೆ ಇನ್ನೂ ಕಷ್ಟ. ತೊಗರಿ ಬಿತ್ತುವ ಕಾಲದಲ್ಲಂತೂ ಕೇಳುವುದೇ ಬೇಡ. ವ್ಯಕ್ತಿಗೆ ತಕ್ಕ ಚಿಕಿತ್ಸೆ ಎಂದರೆ ಅವರ ಊರು, ಬಸ್ಸು, ಜೊತೆಗಾರರನ್ನೂ ಲೆಕ್ಕಕ್ಕೆ ಹಿಡಿದ ಚಿಕಿತ್ಸೆ. ಮೂರು ನಾಲ್ಕು ನಿಮಿಷದ ಥೀಟಾ ಬರ್ಸ್ಟ್, ಐದು ದಿನಕ್ಕೆ ಒತ್ತಿ ಮುಗಿಸುವ ಪದ್ಧತಿ ಇವೆಲ್ಲ ಈ ದೃಷ್ಟಿಯಿಂದ ಹತ್ತಿರದವು. ಬ್ರಿಟನ್ ಮತ್ತು ಅಮೆರಿಕದಲ್ಲಿ ಖಿನ್ನತೆಯ 174 ಜನ ಮನೆಯಲ್ಲೇ, ವಿಡಿಯೊ ಕರೆಯ ಮೇಲ್ವಿಚಾರಣೆಯಲ್ಲಿ 10 ವಾರ ಟಿಡಿಸಿಎಸ್ ಹಾಕಿಕೊಂಡ ಪ್ರಯೋಗ 2024ರಲ್ಲಿ ಪ್ರಕಟವಾಗಿದೆ. ಸೋಗಿನದಕ್ಕಿಂತ ನಿಜವಾದದ್ದು ಹೆಚ್ಚು ಫಲ ಕೊಟ್ಟಿತು. ಅವರಲ್ಲಿ ಹೆಚ್ಚಿನವರು ನಡುವಯಸ್ಸಿನ ಈಚಿನವರು. ಕುಗ್ಗಿದ ಮಿದುಳಿನ ಹಿರಿಯರಿಗೆ ಅದೇ ಲೆಕ್ಕ ಹೊಂದುತ್ತದೆ ಎನ್ನಲಾಗದು. ಅಂಗಡಿಯಿಂದ ಯಂತ್ರ ತಂದು ತಾವೇ ಹಾಕಿಕೊಳ್ಳುವುದಂತೂ ಸಲ್ಲದು.

ಅಪಾಯಗಳು ಕಡಿಮೆ, ಇಲ್ಲವೇ ಇಲ್ಲ ಎಂದಲ್ಲ. ನೆತ್ತಿಯ ನೋವು, ತಲೆನೋವು ಸಾಮಾನ್ಯ. ಸೆಳವು ಸಾವಿರ ರೋಗಿಗಳಲ್ಲಿ ಒಬ್ಬರಿಗಿಂತ ಕಡಿಮೆ ಜನರಲ್ಲಿ. ಟಕಟಕ ಸದ್ದು ಜೋರು, ಕಿವಿಗೆ ಮುಚ್ಚಳ ಬೇಕೇ ಬೇಕು. ಕಾಕ್ಲಿಯರ್ ಇಂಪ್ಲಾಂಟ್, ತಲೆಯೊಳಗೆ ಕಬ್ಬಿಣದಂಥ ಲೋಹದ ಕ್ಲಿಪ್ ಇದ್ದರೆ ಟಿಎಂಎಸ್ ಕೂಡದು. ಪೇಸ್‌ಮೇಕರ್ ಇದ್ದರೆ ಮೊದಲೇ ಹೇಳಬೇಕು. ಮತ್ತು ಇದು ಮೊದಲ ಮದ್ದೂ ಅಲ್ಲ. ಹಿರಿಯರು ಮಂಕಾದರೆ ಮೊದಲು ನೋಡಬೇಕಾದದ್ದು ಥೈರಾಯ್ಡ್, ಬಿ12, ಕಿವಿ, ಕಣ್ಣು, ನುಂಗುತ್ತಿರುವ ಮಾತ್ರೆಗಳ ಪಟ್ಟಿ, ಒಂಟಿತನ. ಎಲ್ಲಿಂದ ಶುರುಮಾಡುವುದು ತಿಳಿಯದಿದ್ದರೆ 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್‌ನ 14416 ಸಂಖ್ಯೆ ಇದೆ. ಗಡಿಯ ಆಚೆ ಈಚೆ ಎನ್ನದೆ ಕನ್ನಡದಲ್ಲೂ ತೆಲುಗಿನಲ್ಲೂ ಮಾತಾಡಬಹುದು.

ಆಮೇಲೂ ವೈದ್ಯರು ಟಿಎಂಎಸ್ ಎಂದರೆ, ಮನೆಯವರು ಯಂತ್ರ ಯಾವ ಕಂಪನಿಯದು ಎಂದು ಕೇಳುವ ಬದಲು ನಾಲ್ಕು ಪ್ರಶ್ನೆ ಕೇಳಲಿ. ನಮ್ಮ ಅಮ್ಮನಿಗೆ ಆಗಿರುವುದು ಖಿನ್ನತೆಯೋ ಮರೆವಿನ ರೋಗವೋ ಎಂದು ಯಾವ ಭಾಷೆಯಲ್ಲಿ ಪರೀಕ್ಷಿಸಿದಿರಿ? ಬಲ ಎಷ್ಟೆಂದು ಹೇಗೆ ಗೊತ್ತುಮಾಡಿದಿರಿ, ವಯಸ್ಸನ್ನು ಲೆಕ್ಕಕ್ಕೆ ಹಿಡಿದಿರಾ? ಜಾಗವನ್ನು ಹೇಗೆ ಹುಡುಕುತ್ತೀರಿ, ದಿನವೂ ಅದೇ ಜಾಗ ಎಂದು ಹೇಗೆ ನೋಡಿಕೊಳ್ಳುತ್ತೀರಿ? ಎರಡು ವಾರ ಕಳೆದ ಮೇಲೆ ಗುಣ ಕಾಣದಿದ್ದರೆ ಏನನ್ನು ಬದಲಿಸುತ್ತೀರಿ? ಕಸುಬು ಬಲ್ಲವರು ಈ ಪ್ರಶ್ನೆಗಳಿಗೆ ಸಿಟ್ಟಾಗುವುದಿಲ್ಲ, ಟೇಪು ಕೈಗೆತ್ತಿಕೊಂಡು ತೋರಿಸುತ್ತಾರೆ. ಸಿಟ್ಟಾದರೆ ಬೇರೆ ಬಾಗಿಲು ನೋಡಿಕೊಳ್ಳುವುದು ಒಳ್ಳೆಯದು.